ದೂಳಹಿಟ್ಟು

ಕುಪ್ಪೇಲೂರಿನ ನೆರಳುಬಲೆಯೊಳಗೆ ಬೆಳಿಗ್ಗೆ ಏಳಕ್ಕೆ
ಫಕ್ಕೀರವ್ವನ ಚಿಮಟ ಟೊಮೆಟೊ ಮೊಗ್ಗು ಬಿಡಿಸುತ್ತದೆ.
ಹಳದಿ ಕೇಸರವೆಲ್ಲ ಕಿತ್ತು, ಶಲಾಕೆ ಉಳಿಸಿ,
ಕೆಂಪು ದಾರ ಕಟ್ಟಿ
"ನಾಳಿ ಕ್ರಾಸಿಂಗು" ಅನ್ನುತ್ತಾಳೆ, ಮೊಗ್ಗಿಗೇ ಹೇಳುವ ಹಾಗೆ.

ನನ್ನದು ಲೇಬಲ್ಲು.
ಕನ್ನಡ ಎಂ.ಎ., ಧಾರವಾಡ. ಈಗ ಚೀಲದ ಮೇಲೆ
ಸಾಲು ನಂಬರು, ತಾಯಿಗಿಡ, ತಂದೆಗಿಡ.

ಹೋದ ವಾರ ಕಂಪನಿಯ ಹಾನೆಕೆ ಬಂದಿದ್ದಳು, ಹಾಲೆಂಡಿನವಳು.
ಊಟದ ಹೊತ್ತಿಗೆ ನನ್ನ ಪೆನ್ನು ಕಸಿದು
ಚೀಲದ ಬೆನ್ನಿಗೆ ಬರೆದಳು: ಬ್ಲೂಮ್. ಕೋಲ್. ಬ್ಲೂಮ್‌ಕೋಲ್.
ಹೂ. ಕೋಸು.
ನಡುವೆ ಏನೂ ಇಲ್ಲ, ದಾರವೂ ಇಲ್ಲ.

ಹಾಂಟ್ ಅಂದರೆ ಕೈ, ಸ್ಖೂನ್ ಅಂದರೆ ಕೆರ.
"ಕೈಗೆರ!" ಅಂದೆ. ಫಕ್ಕೀರವ್ವ ತುತ್ತು ಕೆಳಗಿಟ್ಟಳು:
"ಕೈಗವಸಿಗೆ ಕೆರ ಅಂತಾರ? ಹಂಗಾರ ಟೊಪಗಿಗೆ ಏನಂತಾರ?"

ಆಮೇಲೆ ಅವರ ಶರತ್ಕಾಲ: ಹೆರ್ಫ್ಸ್ಟ್.
ಒಂದೇ ಸ್ವರ, ಅದರ ಬೆನ್ನಿಗೆ ನಾಲ್ಕು ವ್ಯಂಜನ
ರಾಣೇಬೆನ್ನೂರು ಬಸ್ಸಿನ ಬಾಗಿಲಿಗೆ ಜೋತುಬಿದ್ದ ಹಾಗೆ.
"ಹೆರುಪುಸುತು," ಅಂದಳು ಫಕ್ಕೀರವ್ವ.
ನಾಲ್ವರಿಗೂ ಒಂದೊಂದು ಸೀಟು.
ಬಲ್ಬು, ಲೈಟು, ಲೇಬಲ್ಲು:
ನಮ್ಮ ಬಾಯಿ ಯಾರನ್ನೂ ನಿಲ್ಲಿಸಿಕೊಂಡು ಹೋಗುವುದಿಲ್ಲ.

ಮಧ್ಯಾಹ್ನವೆಲ್ಲ ತಲೆಯಲ್ಲಿ ಅದೇ.
ಮಳೆಯ ಕಾಲ ಅಂತ ಇತ್ತು. ಯಾರೋ ಚಿಮಟ ಹಾಕಿ
ಆ ಯಕಾರ ಕಿತ್ತರು. ಲೋಪ.
ಹೊಸ್ತಿಲಲ್ಲಿದ್ದ ಕಕಾರ ಗಕಾರವಾಗಿ ಒಳಗೆ ಬಂತು.
ಅವರಲ್ಲಿ ನಡುವೆ ಒಂದು ಸಕಾರ ಇಡುತ್ತಾರಂತೆ, ಕೆಲವಕ್ಕೆ ಮಾತ್ರ.
ಯಾಕೆ ಅಂತ ಕೇಳಿದೆ.
ಭುಜ ಕುಣಿಸಿದಳು. ಕಿವಿಗೆ ಸರಿ ಅನಿಸಬೇಕಂತೆ.

ಸಂಸ್ಕೃತದ ಮಗ್ಗುಲಿಗೆ ಕನ್ನಡ ಕೂತರೆ ಅರಿಸಮಾಸ.
ದಾದಾಪೀರನ ಜೊತೆ ನನ್ನ ರಿಜಿಸ್ಟರ್ ಆದ ದಿನ
ವ್ಯಾಕರಣ ಕಲಿಸಿದ ಕಾಕಾ ಆ ಒಂದೇ ಶಬ್ದ ಅಂದು
ಚಹಾ ಬಿಟ್ಟು ಎದ್ದರು.
ಬಿರುದಾವಳಿಯಲ್ಲಾದರೆ ನಡೆಯುತ್ತದೆ ಅಂತ ಅವರೇ ಪಾಠ ಮಾಡಿದ್ದರು.
ನಮಗೆ ಬಿರುದು ಎಲ್ಲಿಂದ ಬರಬೇಕು.
ಚಹಾ ದಾದಾಪೀರನೇ ಕುಡಿದ, ಆರಿತ್ತು.

ಹೊರಡುವಾಗ ಹಾನೆಕೆ
ಫಕ್ಕೀರವ್ವನ ಬೆರಳಿನ ಪರಾಗದ ಉಂಗುರ ಬೆಳಕಿಗೆ ಹಿಡಿದು
ಅಂದಳು: ಸ್ಟೌಫ್‌ಮೇಲ್.
ಹಾರುವ ದೂಳು, ಹಿಟ್ಟು.
"ಹಿಟ್ಟ ಖರೇ," ಅಂದಳು ಫಕ್ಕೀರವ್ವ.
"ಇದರ ಮ್ಯಾಲ ನಮ್ಮನಿ ರೊಟ್ಟಿ."

ಈ ಬೀಜ ಮರಳಿ ಬಿತ್ತಿದರೆ ಇದೇ ಹಣ್ಣು ಬರುವುದಿಲ್ಲ.
ವರ್ಷಾ ವರ್ಷಾ ಹೊಸದಾಗಿ ಕೂಡಿಸಬೇಕು,
ಮೊಗ್ಗಿಗೊಂದು ಮೊಗ್ಗು, ಏಳಕ್ಕೆ ಎದ್ದು.

ಮರುದಿನ ಪರಾಗದ ಕಾಲಮ್ಮಿನಲ್ಲಿ ದೂಳಹಿಟ್ಟು ಅಂತ ಬರೆದೆ.
ಸೂಪರ್‌ವೈಸರ್ ಕೆಂಪಿನಲ್ಲಿ ಹೊಡೆದ.
ಅದನ್ನು ಓದಿ ತೋರಿಸಿದ್ದು ಫಕ್ಕೀರವ್ವನಿಗೆ ಒಂದೇ ಸಲ.

ಇವತ್ತು ಆರನೇ ಸಾಲಿನಿಂದ ಕೂಗಿದಳು,
ಹಕಾರವನ್ನು ಎಲ್ಲೋ ಗಿಡದ ಬುಡದಲ್ಲಿ ಬಿಟ್ಟು:
"ಯಕ್ಕಾ, ದೂಳಿಟ್ಟು ತೀರೇತಿ. ಇನ್ನಟ ತಾ."