ಹಿಂದೆ ನಿಂತವನು

ದಿಂಬಂ ಘಾಟಿಗೆ ಇಪ್ಪತ್ತೇಳು ತಿರುವು.
ನಕ್ಷತ್ರಕ್ಕೊಂದು ಅಂತ ಲೆಕ್ಕ ಕೊಟ್ಟವರು
ತಾಳವಾಡಿ ಬಸ್‌ಸ್ಟ್ಯಾಂಡಿನಲ್ಲಿ ಪಂಚಾಂಗ ಹರಡಿ ಕೂರುವ ಅಯ್ನೋರು.
“ನಿಂದು ಆಶ್ಲೇಷ. ಒಂಬತ್ತನೇದ್ರಲ್ಲಿ ಹುಷಾರು ಕಣಪ್ಪಾ.
ಮೇಲಿರೋನು ನೋಡ್ಕೋತಾನೆ.”
ಹತ್ತು ರೂಪಾಯಿ ಕೊಟ್ಟೆ.
ಅದರಲ್ಲಿ ಮೇಲಿರೋನಿಗೆ ಎಷ್ಟು ಹೋಯಿತೋ ಕೇಳಲಿಲ್ಲ.

ನಾನು ಕ್ಲೀನರು.
ಮೂವತ್ತೊಂದು ವರ್ಷದಿಂದ ಬರೀ ಕ್ಲೀನರು.
ಎಡಗಣ್ಣಲ್ಲಿ ಹೂವು ಬಿದ್ದಿದೆ,
ಈರೋಡಿನವರು ಲೈಸೆನ್ಸು ಕೊಡಲಿಲ್ಲ.

ಲಾರಿ ಉದ್ದ, ತಿರುವು ಗಿಡ್ಡ.
ಒಂದೇ ಏಟಿಗೆ ಹೊರಳುವುದಿಲ್ಲ,
ಮುಂದೆ ಬಂದು, ಹಿಂದೆ ಸರಿದು, ಮತ್ತೆ ಮುಂದೆ.
ಹಿಂದೆ ಸರಿಯುವಾಗ ಡ್ರೈವರನಿಗೆ ಕಾಣುವುದು
ಮಂಜು, ಕೋಸಿನ ಮೂಟೆ,
ಕನ್ನಡಿಯಲ್ಲಿ ತನ್ನದೇ ಅರ್ಧ ಮೀಸೆ.
ಆಗ ನಾನು ಇಳಿಯಬೇಕು.
ಕಂಕುಳಲ್ಲಿ ಗಾಲಿಗೆ ಕೊಡುವ ಕಲ್ಲು,
ಬಾಯಲ್ಲಿ ಎರಡೇ ಮಾತು:
ಬರ್ಲಿ ಬರ್ಲಿ ಬರ್ಲಿ
ಓಲ್ಡಾನ್.

ರಾಚಪ್ಪಣ್ಣ ಮೇಲೆ ಹೊರಡುವಾಗ ಮಾದಪ್ಪನಿಗೆ ಕೈ ಮುಗೀತಾನೆ,
ಕೆಳಗಿಳಿದ ಮೇಲೆ ಬಣ್ಣಾರಿ ಅಮ್ಮನಿಗೆ.
ನಡುವೆ ಇಪ್ಪತ್ತೇಳು ಸಲ
ನನಗೆ ಬೈತಾನೆ.

ಅದಕ್ಕೇ ಒಂದೊಂದು ಸಲ ಅನ್ನಿಸುತ್ತೆ:
ಅವನು ಇದ್ದರೆ ಮೇಲಿಲ್ಲ.
ಮೇಲಿಂದ ಏನು ಕಾಣುತ್ತೆ, ಟಾರ್ಪಾಲು.
ಇದ್ದರೆ ಹಿಂದೆ, ಹೊಗೆ ಕುಡಿಯುತ್ತಾ,
ಕಂಕುಳಲ್ಲಿ ಕಲ್ಲು.
ಸ್ಟೇರಿಂಗು ಅವನ ಕೈಲಿಲ್ಲ,
ಬ್ರೇಕು ಅವನ ಕಾಲಿಗೆ ಎಟುಕುವುದಿಲ್ಲ.
ಕೂಗಬಹುದು, ಅಷ್ಟೆ.
ಒಳಗೆ ನಾವು ಗ್ಲಾಸು ಏರಿಸಿಕೊಂಡು
ಟೇಪು ಜೋರು ಮಾಡಿಕೊಂಡು,
ಅವನ್ಯಾಕೆ ಮಾತಾಡಲ್ಲ ಅಂತ ಗೊಣಗುತ್ತಾ
ಗೇರು ಹಾಕುತ್ತೇವೆ.
ಯಾವ ಭಾಷೆಯಲ್ಲಿ ಕೂಗುತ್ತಾನೋ.
ಸತ್ತಿ ಕಡೆಯ ಡ್ರೈವರಾದರೆ ನಾನು ‘ವಾ, ವಾ’ ಅಂತೀನಿ,
ನಮ್ಮೂರವನಾದರೆ ‘ಬಾ’.
ಅಂಚು ಮಾತ್ರ ಎರಡಕ್ಕೂ ಅದೇ.

ಇಷ್ಟು ಹೇಳಿದ ಮೇಲೆ ಕರಿವರದನ ಮಾತು ಬಿಟ್ಟರೆ ತಪ್ಪಾಗುತ್ತೆ.

ಒಂಬತ್ತು ಸಲೀಸಾಗಿ ದಾಟಿತ್ತು, ಆರನೆಯದು.
ಬೆಳಗಿನ ಜಾವವೂ ಅಲ್ಲ, ಒಳ್ಳೇ ಹತ್ತು ಗಂಟೆ ಬಿಸಿಲು.
ಬರ್ಲಿ ಅಂದೆ. ಬರ್ಲಿ.
ಬಿದಿರುಮೆಳೆಯಲ್ಲಿ ಏನೋ ಲಟಕ್ಕೆಂದಿತು.
ಆನೆಯಾ ಅಂತ
ಹೂವಿಲ್ಲದ ಕಣ್ಣನ್ನು ಅತ್ತ ತಿರುಗಿಸಿದೆ.
ಮರಿಯೊಂದು, ಸೊಂಡಿಲಿಗೆ ಮಣ್ಣು ಮೆತ್ತಿಕೊಂಡು,
ಎಳೆ ಕಳಲೆ ಮುರಿಯುತ್ತಿತ್ತು.
ಚೆನ್ನಾಗಿತ್ತು. ನೋಡಿದೆ.

ಆಮೇಲೆ ಓಲ್ಡಾನ್ ಅಂದೆ.
ಯಾರಿಗೆ ಅಂದೆನೋ.
ಕೋಸುಗಳು ಮಾತ್ರ ಬಹಳ ಹೊತ್ತು ಉರುಳುತ್ತಲೇ ಇದ್ದವು.

ಪೊಲೀಸರ ಮುಂದೆ, ಕೂಗಿದೆ ಸಾರ್ ಅಂದೆ.
ಸುಳ್ಳಲ್ಲ.
ಅವನ ಹೆಂಡತಿ ಚೆನ್ನಾಜಮ್ಮಣ್ಣಿ ನನ್ನನ್ನು ಒಂದು ಮಾತೂ ಕೇಳಲಿಲ್ಲ.
“ದೇವ್ರೇ ಕಣ್ಣು ಮುಚ್ಚ್‌ಬುಟ್ಟ” ಅಂದಳು.
ನಾನು ತಲೆಯಾಡಿಸಿದೆ.
ಮುಚ್ಚಿರಲಿಲ್ಲ ತಾಯಿ.
ಬೇರೆ ಕಡೆ ನೋಡುತ್ತಿದ್ದ.

ಈಗಲೂ ಇಳಿಯುತ್ತೇನೆ, ತಿರುವಿಗೊಂದು ಸಲ.
ಯಾರೂ ತಿಳಿಯದ ಒಂದು ಸಂಗತಿ ಇದೆ ಈ ಕೆಲಸದಲ್ಲಿ:
ಲಾರಿ ಹಿಂದಕ್ಕೆ ಬಂದಷ್ಟೂ
ಕೂಗುವವನೂ ಹಿಂದಕ್ಕೆ ಹೋಗಬೇಕು.
ಮುಖ ಲಾರಿಯ ಕಡೆ,
ಬೆನ್ನು ಪ್ರಪಾತದ ಕಡೆ.
ಬರ್ಲಿ ಅನ್ನುತ್ತಾ ಒಂದು ಹೆಜ್ಜೆ,
ಬರ್ಲಿ ಅನ್ನುತ್ತಾ ಇನ್ನೊಂದು.
ನನ್ನ ಹಿಂದೆ ಯಾರಾದರೂ ಇದ್ದಾರೋ
ತಿರುಗಿ ನೋಡಲು ಬಿಡುವಿಲ್ಲ.
ಚಪ್ಪಲಿ ಕಳಚಿಟ್ಟು
ಹಿಮ್ಮಡಿಯಿಂದ ತಡವುತ್ತೇನೆ:
ಹುಲ್ಲು. ಜಲ್ಲಿ.
ತಣ್ಣಗೆ ಒಂದು ಕಲ್ಲು, ಯಾರೋ ಇಟ್ಟ ಹಾಗೆ,
ಅಥವಾ ಮಳೆಗೆ ಬಂದು ಅಲ್ಲೇ ಕೂತದ್ದು.
ಅದರ ಮೇಲೆ ಊರಿ ನಿಂತು
ಕೂಗುತ್ತೇನೆ.