ಎಲ್ಲಿ ಸೋರತದ

ಹದಿಮೂರನೇ ದಿನಕ್ಕ ನಳ ಬಂತು.
ಹಂಡೆ ತುಂಬಿ, ಬ್ಯಾರಲ್ ತುಂಬಿ, ಚರಿಗಿ ತಂಬಿಗಿ ಸೈತ ತುಂಬಿ
ನಡಾ ಹಿಡಕೊಂಡು ನಿಂತಿದ್ದೆ.
ಆವಾಗ ಬಂದು ಕೇಳಿದ್ರು ಇವರು:
'ಎರಡು ಕೊಡ ಬೇಕಾಗಿತ್ತು, ಗಾಡಿ ಮ್ಯಾಲೆ ಸುರವಾಕ.'

ಗಾಡಿ ಅಂದ್ರ ಲ್ಯಾಂಡ್‌ಮಾಸ್ಟರ್,
ಪ್ರೆಸ್ಸಿನ ಕರಬಸಪ್ಪನವರದು.
ಪಂಚಾಂಗ, ಕ್ಯಾಲೆಂಡರ್ ಹೇರಿ ಹೇರಿ ನೆಲಾ ಜರಡಿ ಆಗಿತ್ತು.
ಏಳು ತಿಂಗಳಾತು, ಮುಳಗುಂದ ನಾಕಾದ ನಮ್ಮ ಶೆಡ್ಡಿನಾಗ
ಬಾಗಲಾ ಒಂದು ಕಡೆ, ಬಾನೆಟ್ ಒಂದು ಕಡೆ,
ಲಗ್ನಾ ಮುಗದ ಮನಿ ಹಾಂಗ ಹರವಿ ಬಿದ್ದದ.
ತುಂಡಿಗೊಂದು ಕಾಗದದ ಟೇಪು. ಟೇಪಿನ ಮ್ಯಾಲೆ ಮೈಲಾರಿ ಬರದಿದ್ದ:
'ಎಡಾ ಮುಂದಿಂದು', 'ಬಲಾ ಹಿಂದಿಂದು',
ಒಂದರ ಮ್ಯಾಲೆ 'ಇದು ಯಾವದೋ ಗೊತ್ತಿಲ್ಲ'.
ಯುಗಾದಿಗೆ ಊರಿಗೆ ಹೋದಾಂವ ತಿರಗಿ ಬರಲಿಲ್ಲ,
ಲಕ್ಷ್ಮೇಶ್ವರದಾಗ ಜೆಸಿಬಿ ನಡಸತಾನಂತ.
ಅವನ ಅಕ್ಷರ ಓದಿ ಓದಿ ಜೋಡಸಾಕತ್ತಾರ.
ಗೊತ್ತಿಲ್ಲದ್ದು ಗ್ವಾಡಿ ಮೊಳಿಗೆ ನೇತ ಬಿದ್ದದ.

ಹಜರೇಸಾಬ ಮಿಸ್ತ್ರಿ ಕಣ್ಣು ಮಂಜಾಗ್ಯಾವ, ಬೆರಳಲ್ಲ.
ತಗಡ ತಗಡ ಕೂಡೂ ಸಂದಿನಾಗ
ಕರೇ ಮೇಣದ ಪಟ್ಟಿ ಒತ್ತತಾನ,
ನಾ ಕರಿಗಡಬಿನ ಅಂಚು ಒತ್ತಿದಾಂಗ.
ಮಡಗಾರ್ಡಿನ ನಡಕ ಫೋಮಿನ ಟೇಪು:
'ಅದಿಲ್ಲಂದ್ರ ಕಬ್ಬಿಣಾ ಕಬ್ಬಿಣಾ ಮಾತಾಡತಾವವ್ವಾ,
ಮಾತಾಡಿ ಮಾತಾಡಿ ತುಕ್ಕ ಹಿಡೀತಾವ.'
ಹುಬ್ಬಳ್ಳಿಗೆ ಹೋದವರು ಸಿಲಿಕಾನ್ ಟ್ಯೂಬು ತಂದ್ರು ಇವರು.
ಮಿಸ್ತ್ರಿ ಮೂಗಿಗೆ ಹಿಡದ.
'ಹುಳಿ ವಾಸನಿ. ಹುಳಿ ತಗಡ ತಿಂತದ.'
ಒಗದೇ ಬಿಟ್ಟ ಕಸದಾಗ.
ಮುನ್ನೂರಾ ನಲವತ್ತು ರೂಪಾಯಿ!
ಸಂಜೀಕ ಆರಿಸಿ ತಂದು ಬಚ್ಚಲ ಮೂಲಿಗೆ ಬಳದೆ ನಾನು.

ನೆಲದ ಹಳೇ ಡಾಂಬರು ಕೆರದಾಗ
ಒಂದು ತೂತಿಗೆ ಅಚ್ಚಿನ ಮೊಳಿ ಬಡದಿದ್ರು,
ಸೀಸದ 'ಳ', ತಿರುವಮುರುವ.
ಯಾವ ಕಾಲದಾಗ, ಯಾರ ಬಡದ್ರೋ,
ಯಾವ ಕ್ಯಾಲೆಂಡರಿನ ಮಂಗಳವಾರ
'ಳ' ಇಲ್ಲದ ಮಂಗವಾರ ಆತೋ.
'ಇಷ್ಟು ವರ್ಷ ಸೋರಿಲ್ಲ, ಇರಲಿ' ಅಂದ ಮಿಸ್ತ್ರಿ.
ಅದರ ಮ್ಯಾಲೇ ಮೇಣ ಬಂತು.
ಕರಬಸಪ್ಪನವರಿಗೆ ಹೇಳಿಲ್ಲ ನಾವು.

ಗಾಜು ಕೂಡಸೂ ದಿನ ನೂಲು ಬೇಕಂದ್ರು.
ನನ್ನ ತವರು ಬೆಟಗೇರಿ, ಮಗ್ಗದ ಮನಿ.
'ಕಾರಿಗೆ ಸೀರಿ ನೇಯತೀರೇನು?' ಅಂತ ನಕ್ಕೋತ ಅಣ್ಣ ಕೊಟ್ಟ.
ರಬ್ಬರಿನ ಸೀಳಿನಾಗ ನೂಲು ಕೂಡಿಸಿ, ಸಬಕಾರದ ನೀರು ಹಚ್ಚಿ,
ಹೊರಗಿಂದ ಮಿಸ್ತ್ರಿ ಅಂಗೈಲೆ ಗುದ್ದತಾನ,
ಒಳಗ ಕುಂತು ನಾ ಜಗ್ಗತೇನಿ.
ಜಗ್ಗಿದಷ್ಟು ರಬ್ಬರಿನ ತುಟಿ ಮಗಚಿ ಒಳಗ ಬರತದ,
ಹಟಾ ಬಿಟ್ಟ ಕೂಸಿನ ತುಟಿ ಹಾಂಗ.

ಕೊಟ್ಟೆ, ಎರಡು ಕೊಡ ಕೊಟ್ಟೆ.
ಆದ್ರ ಕೆಳಗ ಪರಾತ ಇಟ್ಟೆ, ಟಬ್ಬು ಇಟ್ಟೆ.
ಟಾರ್ಚು, ಚಾಕ್ ಹಿಡದು ಒಳಗ ಕುಂತೆ.
ಕುಂತ ಮ್ಯಾಲೆ ಟಾಪು ಗುಡಗಾಕ ಹತ್ತಿತು.
'ಸಾವಕಾಶ ಸುರವ್ರಿ, ಅದು ನನ್ನ ನೀರು!'
ಎಡಾ ಮುಂದಿನ ಮೂಲ್ಯಾಗ ಒಂದು ಹನಿ,
ನೆದರು ಬಿದ್ದಾಂಗ ತಡದು ತಡದು ಇಳೀತು.
ಗೀಟು ಹೊಡದೆ.
ಮತ್ತ ಎಲ್ಲೂ ಇಲ್ಲ.

ಬಾಗಲದ ಬುಡಕ ಎರಡು ತೂತಿನ್ಯಾಗಿಂದ
ನೀರು ಟಬ್ಬಿಗೆ ಇಳೀತಿತ್ತು. ಇವರು ಮೇಣ ತಗೊಂಡು ಓಡಿದ್ರು.
ಮಿಸ್ತ್ರಿ ಕೈ ಹಿಡದ:
'ಅದನ್ನ ಮುಚ್ಚಬ್ಯಾಡಪಾ.
ಗಾಜಿನ ಗುಂಟ ನೀರು ಬರೂದಾ. ಹೋಗಾಕ ದಾರಿ ಅದು.'

ಪರಾತದ್ದು, ಟಬ್ಬಿಂದು ಎಲ್ಲಾ ಕೊಡಕ್ಕ ಹೊಯ್ದು ಅಳದೆ.
ಒಂದೂವರಿ.
ನೆಲಾ ಕುಡದದ್ದು, ಇವರ ಪ್ಯಾಂಟು ಕುಡದದ್ದು ಬಿಟ್ರೂ
ಕಾಲು ಕೊಡ ಲೆಕ್ಕಕ್ಕ ಬರವಲ್ದು.

'ಗಾಡಿ ಒಳಗ ಎಲ್ಲೋ ಕುಂತದ' ಅಂದೆ.
ಇವರು ನಕ್ಕರು.
ಹಜರೇಸಾಬ ನಗಲಿಲ್ಲ.
ಗ್ವಾಡಿ ಕಡೆ ಹೊಳ್ಳಿ, ಮೊಳಿಗೆ ನೇತಬಿದ್ದ
ಆ ಹೆಸರಿಲ್ಲದ ತುಂಡು ನೋಡಕೋತ ನಿಂತ,
ನೋಡಕೋತ, ನನ್ನ ಕಡೆ ಕೈ ಚಾಚಿದ
ಟಾರ್ಚಿಗೆ.