ಬೆಂಕಿಪೊಟ್ಟಣದ ಲಿಫ್ಟು

ಎರಡು ಲೋಟ ಮೈದಾ, ಒಂದು ಲೋಟ ಉಪ್ಪು.
ನೀರು ಎಷ್ಟು ಅಂತ ಕೇಳಬಾರದು,
ಸಾಕು ಅಂತ ಹಿಟ್ಟೇ ಹೇಳುತ್ತದೆ.
ನನ್ನ ಮಾತಲ್ಲ ಇದು, ನುತ್ಸಾಳದು,
ಬರುವ ಮಾರ್ಚಿಗೆ ಐದು ತುಂಬುತ್ತದೆ ಅವಳಿಗೆ.

ನಾನು ವಾಝಾ.
ತ್ಬಿಲಿಸಿಯ ಗ್ಲದಾನಿ ಬಡಾವಣೆಯಲ್ಲಿ
ಮೂವತ್ತೊಂದು ವರ್ಷ ಲಿಫ್ಟು ರಿಪೇರಿ ಮಾಡಿದವನು.
ಈ ಕೈಗೆ ಗ್ರೀಸು ಗೊತ್ತು, ಉಕ್ಕಿನ ಹಗ್ಗ ಗೊತ್ತು,
ಹದಿನಾರು ಮಹಡಿಯ ಕತ್ತಲ ಬಾವಿಗೆ ಇಳಿದು
ಹಲ್ಲಲ್ಲಿ ಟಾರ್ಚು ಕಚ್ಚಿ ನಟ್ಟು ಬಿಗಿಯುವುದು ಗೊತ್ತು.
ಮೊಂಡು ಕತ್ತರಿಯಲ್ಲಿ ಹಳದಿ ಕಾಗದದ ಕಿಟಕಿ ಕತ್ತರಿಸುವುದು?
ಬೆವರು ಬಂತು.

ಬೇಕರಿಯ ಪಾಳಿಗೆ ಹೊರಟ ಮಗಳು ಬಾಗಿಲಲ್ಲೇ ತಿರುಗಿ
"ಟಿವಿ ಬೇಡ ಅಪ್ಪಾ, ಏನಾದರೂ ಮಾಡಿಸು" ಅಂದಿದ್ದಳು.
ಏನು ಮಾಡಿಸಲಿ? ಹೂವೆ, ಚಿಟ್ಟೆಯೆ?
ನನಗೆ ಬರುವುದು ಒಂದೇ.

ಬೂಟಿನ ರಟ್ಟಿನ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದರೆ ಕಟ್ಟಡ.
ನೆತ್ತಿಯಲ್ಲಿ ಪೆನ್ಸಿಲ್ ತೂರಿಸಿದರೆ ಅಚ್ಚು.
ಕಡ್ಡಿ ಸುರಿದ ಬೆಂಕಿಪೊಟ್ಟಣ ಲಿಫ್ಟಿಗೆ,
ಇನ್ನೊಂದು ಆ ಕಡೆಯ ತೂಕಕ್ಕೆ, ಒಳಗೊಂದು ಅಕ್ರೋಟು.
ಗಾಲಿಗೆ ಬೇಕಲ್ಲ ದಾರದ ರೀಲು?
ಕಪಾಟಿನ ಮೇಲೆ ನನ್ನ ಹೆಂಡತಿಯ ಹೊಲಿಗೆ ಡಬ್ಬಿ.
ಏಳು ವರ್ಷ ನಾನು ಅದರ ಧೂಳನ್ನಷ್ಟೆ ಒರೆಸಿದ್ದೆ.
ಹುಡುಗಿ ಸ್ಟೂಲು ಹತ್ತಿ ಇಳಿಸಿ
ತೆರೆದೇಬಿಟ್ಟಳು, ಹೇಳದೆ ಕೇಳದೆ.
ಸೂಜಿಗಳು, ಒಂದು ಬೆರಳುಕವಚ,
ಅರ್ಧ ಸುತ್ತಿದ ನೀಲಿ ದಾರ.
"ಇದು ಗಟ್ಟಿ ಇದೆಯಾ, ಬಾಬುವಾ?"
ಎಳೆದು ನೋಡಿದೆ. ಗಟ್ಟಿ ಇತ್ತು.

ಇನ್ನು ಹತ್ತುವ ಮಂದಿ.
ಹಿಟ್ಟು ನಾದಿ ಹೆಬ್ಬೆರಳುದ್ದ ಜನ ಮಾಡಿದಳು:
ಅಂಚೆಯವನು, ಎರಡು ತಲೆಯ ನಾಯಿ
(ಒಂದು ತಲೆ ಬಿದ್ದರೆ ಇನ್ನೊಂದು ಇರಲಿ ಅಂತ),
ಒಂಬತ್ತನೇ ಮಹಡಿಯ ಝುಝುನಾ ಮುದುಕಿ.
ಮುದುಕಿಗೆ ಕಾಲು ಮಾಡಲಿಲ್ಲ.
"ಅವರ ಕಾಲು ನೋಯುತ್ತೆ, ಅದಕ್ಕೆ."
ಒಲೆಯ ಒಳಗೆ, ಸಣ್ಣ ಉರಿಯಲ್ಲಿ, ಮೂರು ಗಂಟೆ.
ಅಷ್ಟರಲ್ಲಿ ಹನ್ನೊಂದು ಸಲ ಕೇಳಿದಳು, ಬೆಂತಾ ಅಂತ.

ಬೆಂದ ಝುಝುನಾಳನ್ನು ಒಳಗೆ ಕೂರಿಸಿ ಕೈಬಿಟ್ಟರೆ
ದಡ್ ಅಂತ ನೆಲಮಹಡಿ!
ಅಕ್ರೋಟು ನೆತ್ತಿಗೆ ಹಾರಿತು.
ಮೂವತ್ತೊಂದು ವರ್ಷ ತೂಕ ಲೆಕ್ಕ ಹಾಕಿದವನಿಗೆ
ಚಿಟಿಕೆ ಉಪ್ಪಿನ ಲೆಕ್ಕ ತಪ್ಪಿತು.
ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ,
ನಾನು ಎದ್ದು ಹೋಗಿ ಒಂದು ಲೋಟ ಕುಡಿದು ಬಂದೆ.

ನುತ್ಸಾ ಪೆಟ್ಟಿಗೆಯ ಸುತ್ತ ಎರಡು ಸುತ್ತು ಬಂದಳು.
"ದುಡ್ಡು ಹಾಕೋದೆಲ್ಲಿ?"
ಹೌದಲ್ಲ. ನಮ್ಮ ಕಟ್ಟಡದಲ್ಲಿ
ನಾಣ್ಯ ನುಂಗದೆ ಲಿಫ್ಟು ಮೇಲೇಳುವುದುಂಟೆ?
ಪೆಟ್ಟಿಗೆಯ ಮಾಡಿನಲ್ಲಿ, ಅಕ್ರೋಟಿನ ನೇರಕ್ಕೆ
ಬ್ಲೇಡಿನಿಂದ ಒಂದು ಸೀಳು ಕೊಯ್ದೆ.
ನನ್ನ ಜೇಬಿನ ಇಪ್ಪತ್ತು ತೆತ್ರಿ ಅವಳೇ ಹಾಕಿದಳು.
ಟಣ್.
ನೀಲಿ ದಾರ ಬಿಗಿಯಿತು, ರೀಲು ಕಿರ್ರೆಂದಿತು.
ಕಾಲಿಲ್ಲದ ಝುಝುನಾ
ಒಂದು, ಎರಡು, ಮೂರು ಹಳದಿ ಕಿಟಕಿ ದಾಟಿ
ಏರಿದಳು, ಏರಿದಳು,
ನಾನು ಉಸಿರು ಹಿಡಿದಿದ್ದೆ, ನಾಚಿಕೆಯಿಲ್ಲದೆ.

ನಾಲ್ಕಕ್ಕೂ ಐದಕ್ಕೂ ನಡುವೆ ನಿಂತಿತು.
ದಾರದಲ್ಲಿ ಹಳೆಯದೊಂದು ಗಂಟು,
ನನ್ನದಲ್ಲ, ಹುಡುಗಿಯದೂ ಅಲ್ಲ.

ಅವಳು ಗಾಬರಿಯಾಗಲಿಲ್ಲ.
ರಟ್ಟಿನ ಗೋಡೆಗೆ ಬಾಯಿ ಹಚ್ಚಿ
ಬೆರಳಲ್ಲಿ ಮೆಲ್ಲಗೆ ತಟ್ಟಿ ಹೇಳಿದಳು:
"ಹೆದರಬೇಡಿ ಅಜ್ಜಿ, ಗುಂಡಿ ಒತ್ತಬೇಡಿ,
ನಮ್ಮ ಬಾಬುವಾ ಬರ್ತಾ ಇದ್ದಾರೆ."

ನಾನು ಕನ್ನಡಕ ಹುಡುಕತೊಡಗಿದೆ.